ಹಳೆಯ ಮನೆಗಳ ದೀಪದ ವೈರಿಂಗ್: ಅರ್ಥಿಂಗ್ ತಂತಿಯ ಪರೀಕ್ಷೆ

ಮರದ ಪಟ್ಟಿಯ ಮೇಲೆ ತಂತಿ ಎಳೆದ ಹಳೆಯ ವೈರಿಂಗ್ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಈಗಲೂ ಕೆಲಸ ಮಾಡುತ್ತಿದೆ. "ದೀಪ ಚೆನ್ನಾಗಿಯೇ ಉರಿಯುತ್ತದಲ್ಲ ಸ್ವಾಮಿ, ಪರೀಕ್ಷೆ ಏತಕ್ಕೆ?" ಎಂದು ಕೇಳುವವರುಂಟು. ದೀಪ ಉರಿಯಲು ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳು ಸಾಕು. ಮೂರನೆಯದಾದ ಅರ್ಥಿಂಗ್ ತಂತಿ ಕಡಿದು ಹತ್ತು ವರ್ಷವಾಗಿದ್ದರೂ ದೀಪದಿಂದ ಅದು ತಿಳಿಯದು. ಯಾರಾದರೂ ಒದ್ದೆ ಕೈಯಿಂದ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದ ದಿನ ತಿಳಿಯುತ್ತದೆ.

ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಗುಲಿದರೆ ಆ ವಿದ್ಯುತ್ತು ಅರ್ಥಿಂಗ್ ತಂತಿಯ ಮೂಲಕ ಹಿತ್ತಲಿನ ಗುಂಡಿಗೆ ಇಳಿದುಹೋಗಬೇಕು. ಗದ್ದೆಗೆ ಬಸಿಗಾಲುವೆ ಇದ್ದಂತೆ ಇದು. ಬಸಿಗಾಲುವೆ ನಡುವೆ ಎಲ್ಲಿ ಕಟ್ಟಿಕೊಂಡರೂ ನೀರು ಗದ್ದೆಯಲ್ಲೇ ನಿಲ್ಲುತ್ತದೆ. ಹಾಗೆಯೇ ಈ ತಂತಿ ಎಲ್ಲಿ ಕಡಿದರೂ ವಿದ್ಯುತ್ತು ಲೋಹದ ಮೇಲೆಯೇ ನಿಂತು, ಮುಟ್ಟಿದವರ ಮೈಯೊಳಗೆ ದಾರಿ ಮಾಡಿಕೊಳ್ಳುತ್ತದೆ. ಗಂಜಲದ ನೆಲದಲ್ಲಿ ನಿಂತ ದನಕ್ಕಂತೂ ಅಪಾಯ ಇನ್ನೂ ಹೆಚ್ಚು. ಆದುದರಿಂದ ಕೊಟ್ಟಿಗೆಯ ದೀಪವನ್ನು ಮರೆಯಬಾರದು.

ಪರೀಕ್ಷೆಗಾಗಿ ಮುಚ್ಚಳ ಬಿಚ್ಚುವುದು ಲೈಸೆನ್ಸ್ ಪಡೆದ ವೈರ್‌ಮನ್ನನ ಕೆಲಸ. ಆದರೆ ಮನೆಯ ಯಜಮಾನರು ಪಕ್ಕದಲ್ಲಿ ನಿಂತು ನೋಡಿ, ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಮೇನ್ ಸ್ವಿಚ್ ಆರಿಸಿ ಫ್ಯೂಸ್‌ಗಳನ್ನು ಕಿತ್ತು ಕೈಯಲ್ಲಿಟ್ಟುಕೊಳ್ಳಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಬಿಡಿಸಬೇಕು. ಮೇನ್ ಆರಿಸಿದ ಮೇಲೂ ದೀಪದ ತಂತಿಗಳಲ್ಲಿ ಅದು ವಿದ್ಯುತ್ತು ಹರಿಸುತ್ತಿರುತ್ತದೆ. ಅನಂತರ ಬಲ್ಬುಗಳನ್ನು ತೆಗೆದು, ತಂತಿಗಳಲ್ಲಿ ವಿದ್ಯುತ್ತಿಲ್ಲವೆಂದು ಖಚಿತ ಮಾಡಿಕೊಳ್ಳತಕ್ಕದ್ದು.

ಬೇಕಾದ ಸಾಮಾನು ಒಂದು ಮಲ್ಟಿಮೀಟರ್ ಮತ್ತು ಮನೆಯ ಕೊನೆಯ ಕೋಣೆ ಮುಟ್ಟುವಷ್ಟು ಉದ್ದದ ತಂತಿ. ಮೀಟರನ್ನು ಓಮ್ ಅಳೆಯುವ ಅತಿ ಕಡಿಮೆ ಮಟ್ಟಕ್ಕೆ ತಿರುಗಿಸಿ, ಉದ್ದ ತಂತಿಯನ್ನೂ ಸೇರಿಸಿ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಬರೆದಿಡಬೇಕು. ಈಗ ಉದ್ದ ತಂತಿಯ ಒಂದು ತುದಿಯನ್ನು ಮೇನ್ ಬೋರ್ಡಿನಲ್ಲಿ ಅರ್ಥಿಂಗ್ ತಂತಿಗಳೆಲ್ಲ ಸೇರುವ ತಿರುಪಿಗೆ ಕಟ್ಟಿ, ಇನ್ನೊಂದನ್ನು ಮೀಟರಿಗೆ ಸೇರಿಸಿ, ದೀಪದಿಂದ ದೀಪಕ್ಕೆ ಹೋಗಿ ಅಲ್ಲಿಯ ಅರ್ಥಿಂಗ್ ತಿರುಪನ್ನೂ ಲೋಹದ ಮೈಯನ್ನೂ ಮುಟ್ಟಿಸಿ ನೋಡಬೇಕು. ಮೊದಲು ಬರೆದ ಅಂಕಿಯನ್ನು ಕಳೆದರೆ ಉಳಿಯುವುದೇ ನಿಮ್ಮ ಅರ್ಥಿಂಗ್ ತಂತಿಯ ರೋಧ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 20 ಮೀಟರಿಗೆ ಸುಮಾರು ಕಾಲು ಓಮ್ ತೋರಿಸುತ್ತದೆ. 3, 4 ಓಮ್ ಬಂದರೆ, ಅಥವಾ ತಂತಿ ಅಲ್ಲಾಡಿಸಿದಾಗ ಅಂಕಿ ಕುಣಿದರೆ, ಎಲ್ಲೋ ಜೋಡಣೆ ಕಿಲುಬು ಹಿಡಿದಿದೆ ಅಥವಾ ಸಡಿಲವಾಗಿದೆ. ಅಂಕಿಯೇ ಬಾರದಿದ್ದರೆ ತಂತಿ ಕಡಿದಿದೆ. ಒಂದೇ ಎಳೆ ಹಿಡಿದಿದ್ದರೂ ಮೀಟರು ಒಳ್ಳೆಯ ಅಂಕಿ ಕೊಟ್ಟೀತು; ಆದುದರಿಂದ ಪ್ರತಿ ತಿರುಪನ್ನೂ ಕೈಯಿಂದ ಎಳೆದು ನೋಡಲೇಬೇಕು. ಹಳೆಯ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುವುದಾದರೆ, ನನ್ನ ಮಟ್ಟಿಗೆ, ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ವೈರಿಂಗನ್ನೇ ಹೊಸದಾಗಿ ಮಾಡಿಸುವುದು ಲೇಸು.

ಫೇಸಿನಿಂದ ಅರ್ಥಿಂಗ್ ತಂತಿಗೆ ಬಲ್ಬು ಹಚ್ಚಿ "ಉರಿಯಿತು, ಸರಿಯಿದೆ" ಎನ್ನುವ ರೂಢಿ ಕೆಲವರಲ್ಲಿದೆ. ಇದು ಕೆಟ್ಟ ಪರೀಕ್ಷೆ. 40 ವಾಟಿನ ಬಲ್ಬಿಗೆ 0.2 ಆಂಪಿಯರೂ ಬೇಡ. ಕೂದಲೆಳೆಯಂಥ ಸಂಪರ್ಕದಲ್ಲೂ ಅದು ಉರಿಯುತ್ತದೆ. ಮೇಲಾಗಿ ತಂತಿ ಕಡಿದಿದ್ದರೆ, ಆ ತುಂಡಿಗೆ ಸೇರಿದ ಲೋಹದ ಸಾಮಾನಿಗೆಲ್ಲ ನಾವೇ ವಿದ್ಯುತ್ತು ಹಾಯಿಸಿದಂತಾಗುತ್ತದೆ.

ಇನ್ನೊಂದು ಮೋಸವುಂಟು. ಅರ್ಥಿಂಗ್ ತಿರುಪನ್ನು ಪಕ್ಕದ ನ್ಯೂಟ್ರಲಿಗೆ ಚಿಕ್ಕ ತಂತಿಯಿಂದ ಸೇರಿಸಿಬಿಟ್ಟಿರುತ್ತಾರೆ. ಮಳೆಗಾಳಿಗೆ ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ, ಹೀಗೆ ಸೇರಿಸಿದ ಲೋಹದ ಮೈಗಳಿಗೆಲ್ಲ ವಿದ್ಯುತ್ತು ಬರಬಹುದು. ಮೇನ್ ಆರಿಸಿ, ನ್ಯೂಟ್ರಲನ್ನೂ ಬೋರ್ಡಿನಲ್ಲಿ ಬಿಡಿಸಿ, ಅದಕ್ಕೂ ಅರ್ಥಿಂಗಿಗೂ ನಡುವೆ ಮೀಟರ್ ಹಿಡಿಯಬೇಕು. ಆಗ ಸಂಪರ್ಕ ತೋರಿಸಬಾರದು.

ದೀಪಗಳಿಗೆ ಅರ್ಥಿಂಗ್ ತಂತಿಯನ್ನೇ ಎಳೆಯದ ಮನೆಗಳೂ ಬಹಳ. ಮರದ ಬೋರ್ಡು, ಬೇಕಲೈಟ್ ಹೋಲ್ಡರ್ ಇದ್ದಾಗ ಮುಟ್ಟಲು ಲೋಹವಿರಲಿಲ್ಲ. ಅದೇ ಎರಡು ತಂತಿಗೆ ತಗಡಿನ ಟ್ಯೂಬ್‌ಲೈಟ್ ಪಟ್ಟಿ, ಕಬ್ಬಿಣದ ಫ್ಯಾನು ಸೇರಿಸಿದ ಮೇಲೆ ಕಷ್ಟ ಬಂತು. ಅಂಥ ಕಡೆ ಅರ್ಥಿಂಗ್ ತಂತಿ ಎಳೆಸಬೇಕು. ಅದಾಗುವ ತನಕ ಲೋಹದ ಸಾಮಾನು ತೆಗೆದು, ಚೌಕದೊಳಗೆ ಚೌಕದ ಗುರುತಿರುವ ಪ್ಲಾಸ್ಟಿಕ್ ಮೈಯ ದೀಪ ಹಾಕಿಸಿರಿ.

ತಂತಿ ಸರಿಯಿದ್ದ ಮಾತ್ರಕ್ಕೆ ಗುಂಡಿ ಸರಿಯಿದೆಯೆಂದು ಅಲ್ಲ. ಗರಸು ನೆಲದಲ್ಲಿ ಬೇಸಿಗೆಗೆ ಗುಂಡಿ ಒಣಗಿ ಅದರ ರೋಧ 50 ಓಮ್‌ಗೆ ಏರಿದರೆ, 230 ವೋಲ್ಟಿನಲ್ಲಿ 5 ಆಂಪಿಯರಿಗಿಂತ ಕಡಿಮೆ ಹರಿಯುತ್ತದೆ. 5 ಆಂಪಿಯರಿನ ಫ್ಯೂಸ್ ಕರಗುವುದೇ ಇಲ್ಲ. ಗುಂಡಿಯನ್ನು ಅಳೆಯಲು ಬೇರೆ ಉಪಕರಣವಿದೆ. ಇದಕ್ಕಾಗಿಯೇ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಹಳೆಯ ಮನೆಗೆ ಹಾಕಿದೊಡನೆ ಅದು ಪದೇ ಪದೇ ಬಿದ್ದರೆ, ಕೆಟ್ಟ ಮಾಲೆಂದು ಕಿತ್ತೊಗೆಯಬೇಡಿ. ಎಲ್ಲೋ ನ್ಯೂಟ್ರಲ್ ಅರ್ಥಿಂಗಿಗೆ ಕೂಡಿದೆಯೋ, ತೇವದಲ್ಲಿ ವಿದ್ಯುತ್ತು ಸೋರುತ್ತಿದೆಯೋ ಎಂದು ವೈರ್‌ಮನ್ನನಿಂದ ಒಂದೊಂದೇ ದೀಪ ಬಿಡಿಸಿ ಹುಡುಕಿಸಿರಿ.