ಗಿಟಾರಿನ ತಂತಿಯೂ ನಾದಗುಣವೂ

ಆಷಾಢದ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ತೀರ್ಥಹಳ್ಳಿಯ ವಿದ್ಯಾರ್ಥಿಯೊಬ್ಬನು ತನ್ನ ವಿದ್ಯುತ್ ಗಿಟಾರನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬಂದನು. ಅದು 'ಮಾಡೆಲಿಂಗ್' ಗಿಟಾರು. ಗುಂಡಿಯೊಂದನ್ನು ತಿರುಗಿಸಿದರೆ ಹಲವು ಬಗೆಯ ಗಿಟಾರುಗಳ ಧ್ವನಿಯನ್ನು ಲೆಕ್ಕಾಚಾರದಿಂದಲೇ ಅನುಕರಿಸಬಲ್ಲದು. "ಯಾವ ಧ್ವನಿಯನ್ನು ಆರಿಸಿದರೂ ಮಂಕಾಗಿದೆ. ಒಳಗಿನ ಯಂತ್ರವೇ ಕೆಟ್ಟಿರಬೇಕು, ಬಂದಷ್ಟಕ್ಕೆ ಮಾರಿಬಿಡುತ್ತೇನೆ" ಎಂದನು. ಮಾರುವುದಕ್ಕೆ ಮುನ್ನ ತಂತಿಗಳನ್ನು ಪರೀಕ್ಷಿಸೋಣವೆಂದೆವು.

ಎಳೆದು ಕಟ್ಟಿದ ತಂತಿಯ ಕಂಪನಸಂಖ್ಯೆಯು ಅದರ ಉದ್ದ, ಬಿಗಿತ ಮತ್ತು ಒಂದು ಮೀಟರಿನ ದ್ರವ್ಯರಾಶಿ ಇವುಗಳನ್ನು ಅವಲಂಬಿಸಿರುವುದನ್ನು ವಾಚಕರು ಸೋನೋಮೀಟರಿನಲ್ಲಿ ಕಂಡಿರಬಹುದು. ಗಿಟಾರಿನ ಆರು ತಂತಿಗಳ ಉದ್ದವೂ ಹೆಚ್ಚುಕಡಿಮೆ ಒಂದೇ. ಅನೇಕ ಗಿಟಾರುಗಳಲ್ಲಿ ಅದು 64.8 ಸೆಂ.ಮೀ. ಆದರೆ ಅತಿ ಮಂದ್ರದ ತಂತಿ ಸೆಕೆಂಡಿಗೆ 82.4 ಬಾರಿಯೂ ಅತಿ ತಾರದ ತಂತಿ 329.6 ಬಾರಿಯೂ ಕಂಪಿಸಬೇಕು. ಬಿಗಿತ ಸಮನಾಗಿದ್ದರೆ ಮಂದ್ರದ ತಂತಿಯ ದ್ರವ್ಯರಾಶಿ 16 ಪಟ್ಟು ಇರಬೇಕಾಗುತ್ತದೆ. ಅಷ್ಟು ದಪ್ಪನಾದ ಒಂಟಿ ಉಕ್ಕಿನ ಸರಿಗೆ ಸಲಾಕಿಯಂತೆ ಸೆಡೆತು ನಿಲ್ಲುವುದು. ಅದರ ಉಪಸ್ವರಗಳು ಮೂಲಸ್ವರದ ಸರಿಯಾದ ಎರಡರಷ್ಟು, ಮೂರರಷ್ಟು ಆಗದೆ ಮೇಲಕ್ಕೆ ಜಾರುವುವು. ಆದುದರಿಂದ ತೆಳುವಾದ ಉಕ್ಕಿನ ಎಳೆಯ ಮೇಲೆ ಮತ್ತೊಂದು ಸರಿಗೆಯನ್ನು ಸುತ್ತುತ್ತಾರೆ. ವೀಣೆಯ ಮಂದ್ರದ ತಂತಿಯನ್ನು ನೋಡಿದವರಿಗೆ ಇದು ಹೊಸದಲ್ಲ.

ತಾರದ ತಂತಿ 0.254 ಮಿ.ಮೀ. ದಪ್ಪವಿದ್ದರೆ ಅದನ್ನು ಸುಮಾರು 7.4 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. 0.229 ಮಿ.ಮೀ. ಆದರೆ 6 ಕಿಲೋಗ್ರಾಂ ಸಾಕು, ಬೆರಳಿಗೂ ಹಗುರ.

ಇನ್ನು ಲೋಹದ ಮಾತು. ಸಾಮಾನ್ಯ ವಿದ್ಯುತ್ ಗಿಟಾರಿನಲ್ಲಿ ತಂತಿಯ ಕೆಳಗೆ ಅಯಸ್ಕಾಂತವೂ ಸುರುಳಿಯೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ಈ ನಿಯಮವೇ ಸಾಗರದಾಚೆಯ ಜೋಗದ ವಿದ್ಯುದಾಗಾರದಲ್ಲಿಯೂ ದುಡಿಯುತ್ತಿದೆ. ಕಂಚಿನ ಸುತ್ತು ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲವಾದ್ದರಿಂದ ಇಂಥ ಗಿಟಾರಿಗೆ ಕಂಚು ಸುತ್ತಿದ ತಂತಿ ತಕ್ಕದ್ದಲ್ಲ. ನಿಕ್ಕಲ್ ಅಥವಾ ಉಕ್ಕಿನ ಸುತ್ತು ಬೇಕು.

ವೇರಿಯಾಕ್ಸ್ ಮುಂತಾದ ಮಾಡೆಲಿಂಗ್ ಗಿಟಾರುಗಳಲ್ಲಿ ಈ ಕೆಲಸವನ್ನು ಕುದುರೆಯೊಳಗೆ ತಂತಿಗೊಂದರಂತೆ ಇಟ್ಟಿರುವ ಪಿಯೆಜೋ ತುಣುಕುಗಳು ಮಾಡುತ್ತವೆ. ಒತ್ತಿದರೆ ವಿದ್ಯುತ್ತನ್ನು ತೋರುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಸ್ಫಟಿಕಗಳಲ್ಲಿ ಕಂಡುಹಿಡಿದರು. ಇಲ್ಲಿ ಕಾಂತಗುಣದ ಹಂಗಿಲ್ಲ. ಕಂಚಿನ ಸುತ್ತಿನ ಕಂಪನವೂ ದಾಖಲಾಗುತ್ತದೆ. ಅನಂತರ ಗಣಕವು ಆ ಸಂಕೇತದ ಕೆಲವು ಉಪಸ್ವರಗಳನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸಿ, ಬೇಕಾದ ಗಿಟಾರಿನ ಧ್ವನಿಯನ್ನು ರೂಪಿಸುತ್ತದೆ. ಹಾಗಾದರೆ ತಂತಿ ಯಾವುದಾದರೇನು ಎಂದು ಕೇಳಬಹುದು. ಇದ್ದುದನ್ನು ಹಿಗ್ಗಿಸಬಹುದೇ ಹೊರತು, ತಂತಿಯಲ್ಲಿ ಹುಟ್ಟದೆ ಹೋದ ಉಪಸ್ವರವನ್ನು ಹಿಗ್ಗಿಸುವುದೆಂತು? ಆಗ ದೊಡ್ಡದಾಗುವುದು ಬರಿಯ ಗೊರಗೊರ ಸದ್ದು.

ನಮ್ಮ ವಿದ್ಯಾರ್ಥಿಯ ತಂತಿಗಳಲ್ಲಿ ಆದುದೂ ಇದೇ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ, ಹೊಸನಗರದ ಹುಲಿಕಲ್ಲಿನಲ್ಲಿಯೂ ಮಳೆಗೆ ಬರವಿಲ್ಲ. ಆ ತೇವಕ್ಕೆ ಬೆರಳಿನ ಬೆವರಿನ ಉಪ್ಪು ಸೇರಿ ತಂತಿಗೆ ತುಕ್ಕು ಹಿಡಿದಿತ್ತು. ಸುತ್ತಿನ ಸಂದುಗಳಲ್ಲಿ ಕೊಳೆ ತುಂಬಿತ್ತು. ಇದರಿಂದ ತಂತಿಯ ಭಾರ ಅಲ್ಲಲ್ಲಿ ಏರುಪೇರಾಗುತ್ತದೆ. ಕಂಪನಶಕ್ತಿ ಘರ್ಷಣೆಯಲ್ಲಿ ಸೋರಿ, ಉಚ್ಚ ಉಪಸ್ವರಗಳೇ ಮೊದಲು ಅಡಗುತ್ತವೆ.

ಮೊದಲಿದ್ದ ದಪ್ಪದ್ದೇ ಹೊಸ ತಂತಿಗಳನ್ನು ಹಾಕಿ ಮೀಟಿದೆವು. ಗುಂಡಿಯ ಪ್ರತಿಯೊಂದು ಸ್ಥಾನದಲ್ಲಿಯೂ ಧ್ವನಿ ಬೇರೆಬೇರೆಯಾಗಿ, ನಿಚ್ಚಳವಾಗಿ ಕೇಳಿಸಿತು. ಗಿಟಾರು ಮಾರಾಟವಾಗಲಿಲ್ಲ.

ವಾಚಕರು ಇದನ್ನು ಸೋನೋಮೀಟರಿನಲ್ಲಿಯೇ ಪರೀಕ್ಷಿಸಬಹುದು. ಒಂದೇ ದಪ್ಪದ ಹೊಸ ತಂತಿಯನ್ನೂ ತುಕ್ಕು ಹಿಡಿದ ತಂತಿಯನ್ನೂ ಒಂದೇ ಶ್ರುತಿಗೆ ಬಿಗಿದು, ಒಂದೇ ಜಾಗದಲ್ಲಿ ಮೀಟಿ, ಯಾವುದರ ನಾದ ಹೆಚ್ಚು ಹೊತ್ತು ನಿಲ್ಲುವುದೆಂದು ಗಡಿಯಾರ ಹಿಡಿದು ನೋಡಿ. ಗಿಟಾರು ಉಳ್ಳವರು ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿಡುವುದನ್ನು, ಮಳೆಗಾಲದಲ್ಲಂತೂ, ಮರೆಯಬಾರದು.