ಎತ್ತುವಾಗ ತಪ್ಪಿತೋ, ಇಡುವಾಗ ತಪ್ಪಿತೋ?

ಅರಸೀಕೆರೆ ಕಡೆಯ ಕಣಕಟ್ಟೆ ಹೋಬಳಿಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಇದ್ದಲ್ಲೆಲ್ಲ ಪಕ್ಕದಲ್ಲೊಂದು ಸ್ಟಾರ್ಟರ್ ಡಬ್ಬಿ ಇರುತ್ತದೆ. ಮೂರು ಫೇಸ್ ಕರೆಂಟು ಬಂದ ಕೂಡಲೇ ಮೋಟರ್ ಎಬ್ಬಿಸುವುದು, ಒಂದು ಫೇಸ್ ಹೋದರೆ ನಿಲ್ಲಿಸುವುದು, ಬಾವಿಯಲ್ಲಿ ನೀರು ಬತ್ತಿದಾಗ ಮೋಟರ್ ಸುಡದಂತೆ ತಡೆಯುವುದು, ಈಚಿನದಾದರೆ ಮೊಬೈಲಿಗೆ ಮೆಸೇಜ್ ಕಳಿಸುವುದು, ಇಷ್ಟೂ ಕೆಲಸ ಅದರೊಳಗಿನ ಅಂಗೈಯಗಲದ ಹಸಿರು ಬೋರ್ಡಿನದು. ರಿಪೇರಿಗೆ ಬಿಚ್ಚಿದಾಗ ಒಮ್ಮೆ ಬಗ್ಗಿ ನೋಡಿ. ರಿಲೇ, ಟ್ರಾನ್ಸ್‌ಫಾರ್ಮರ್‌ನಂಥ ದಪ್ಪ ಭಾಗಗಳ ನಡುವೆ ರಾಗಿ ಕಾಳಿನಷ್ಟು ಸಣ್ಣ ತುಣುಕುಗಳು ಸಾಲಾಗಿ ಕೂತಿರುತ್ತವೆ. ಬೆನ್ನು ಕಪ್ಪಗಿರುವವು ರೆಸಿಸ್ಟರ್, ಕಂದು ಬಣ್ಣದವು ಕೆಪಾಸಿಟರ್. 0603 ಎಂದು ಕರೆಯುವ ಅಳತೆಯ ತುಣುಕು 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. 0402 ಇನ್ನೂ ಸಣ್ಣದು: ಉದ್ದ 1 ಮಿ.ಮೀ., ಅಗಲ ಅದರರ್ಧ. ಚಿಮಟ ಹಿಡಿದು ಭೂತಗನ್ನಡಿಯ ಕೆಳಗೆ ಒಂದೆರಡು ಬೋರ್ಡನ್ನು ಕೈಯಲ್ಲೇ ಮಾಡಬಹುದು. ದಿನಕ್ಕೆ ನೂರಾರು ಬೇಕೆಂದಾಗ ತುಣುಕುಗಳನ್ನು ತಾನೇ ಎತ್ತಿ ಇಡುವ ಪಿಕ್ ಅಂಡ್ ಪ್ಲೇಸ್ ಯಂತ್ರ ಬೇಕು.

ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಹತ್ತುವವರಿಗೆ ಈ ಯಂತ್ರ ಎದುರಾಗುವುದು ಎರಡು ದಿಕ್ಕಿನಲ್ಲಿ. ತಿಪಟೂರು, ತುಮಕೂರು ದಾಟಿ ಯಶವಂತಪುರದಲ್ಲಿ ಇಳಿದರೆ ಪೀಣ್ಯ ಕೈಗಾರಿಕಾ ಪ್ರದೇಶ. ಹಾಸನ, ಹೊಳೆನರಸೀಪುರದ ದಾರಿ ಹಿಡಿದರೆ ಮೈಸೂರು. 1988ರಲ್ಲಿ ಶುರುವಾಗಿ 2022ರಲ್ಲಿ ಷೇರುಪೇಟೆಗೂ ಬಂದ, ಇಂಥ ಬೋರ್ಡು ಜೋಡಿಸುವ ಕೇನ್ಸ್ ಕಂಪನಿ ಅಲ್ಲಿಯದೇ. ಅಂಥ ದೊಡ್ಡ ಕಡೆ ಕೆಲಸ ಸಿಕ್ಕರೆ ಯಂತ್ರಕ್ಕೊಬ್ಬ ಇಂಜಿನಿಯರ್, ಕೈಗೊಂದು ಮ್ಯಾನುಯಲ್ ಇರುತ್ತದೆ. ಎಲ್‌ಇಡಿ ಬಲ್ಬು, ಸ್ಟಾರ್ಟರ್, ಯುಪಿಎಸ್ ಬೋರ್ಡು ಮಾಡುವ ಸಣ್ಣ ಶೆಡ್ಡುಗಳ ಕಥೆ ಬೇರೆ. ಅಲ್ಲಿರುವುದು ಹೊರದೇಶದಲ್ಲಿ ಒಂದು ಆಯುಷ್ಯ ಕಳೆದು ಬಂದ ಸೆಕೆಂಡ್‌ಹ್ಯಾಂಡ್ ಯಂತ್ರ. ಅದರ ಮೈಮೇಲಿನ ಹೆಸರುಗಳು ನಿಮಗೆ ಹೊಸವಲ್ಲ. ಜೂಕಿ ಎಂದರೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರು ಹೊಲಿಗೆ ಮಿಷನ್ ಅನ್ನುತ್ತಾರೆ, ಯಮಹಾ ಎಂದರೆ ನೀವು ಬೈಕ್ ಅನ್ನುತ್ತೀರಿ. ಎರಡೂ ಕಂಪನಿಗಳು ದಶಕಗಳಿಂದ ಪಿಕ್ ಅಂಡ್ ಪ್ಲೇಸ್ ಯಂತ್ರವನ್ನೂ ಮಾಡುತ್ತಿವೆ. ದಾರದ ಗಾಲಿ, ಸೂಜಿ, ಮೋಟರುಗಳನ್ನು ನಿಖರವಾಗಿ ಕುಣಿಸಲು ಬಲ್ಲವರಿಗೆ ಇದು ತೀರ ಪರಕೀಯ ವಿದ್ಯೆಯೇನಲ್ಲ.

ಲೈನಿನಲ್ಲಿ ಈ ಯಂತ್ರದ ಜಾಗ ನಡುವಿನದು. ಅದಕ್ಕೆ ಮೊದಲು ತೆಳು ಸ್ಟೀಲ್ ಸ್ಟೆನ್ಸಿಲ್ ಇಟ್ಟು ಬೋರ್ಡಿನ ಪ್ಯಾಡುಗಳ ಮೇಲೆ ಸೋಲ್ಡರ್ ಪೇಸ್ಟ್ ಸವರುತ್ತಾರೆ. ಯಂತ್ರ ಆ ಜಿಗುಟಿನ ಮೇಲೆ ಕಾಂಪೊನೆಂಟುಗಳನ್ನು ಕೂರಿಸುತ್ತದೆ. ಆಮೇಲೆ ಬೋರ್ಡು ರಿಫ್ಲೋ ಓವನ್ನಿನೊಳಗೆ ಹೋಗಿ ಪೇಸ್ಟ್ ಕರಗಿ ಬೆಸುಗೆಯಾಗುತ್ತದೆ. ಹಳೆಯ ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು, ಸೀಸವಿಲ್ಲದ ಈಗಿನದಕ್ಕೆ 217 ದಾಟಬೇಕು.

ಯಂತ್ರದ ಕೆಲಸವನ್ನು ನಿಧಾನಕ್ಕೆ ಬಿಡಿಸೋಣ. ಸಣ್ಣ ಕಾಂಪೊನೆಂಟುಗಳು 8 ಮಿ.ಮೀ. ಅಗಲದ ಟೇಪಿನಲ್ಲಿ, ಗುಳಿಗೊಂದರಂತೆ ಕೂತು, ರೀಲಿನಲ್ಲಿ ಸುತ್ತಿ ಬರುತ್ತವೆ. ಟೇಪಿನ ಅಂಚಿನಲ್ಲಿ 4 ಮಿ.ಮೀ.ಗೆ ಒಂದರಂತೆ ತೂತುಗಳಿವೆ. ಫೀಡರಿನ ಹಲ್ಲುಚಕ್ರ ಆ ತೂತು ಹಿಡಿದು ಟೇಪನ್ನು ಮುಂದಕ್ಕೆ ಎಳೆಯುತ್ತದೆ. ಮೇಲಿನ ತೆಳು ಹಾಳೆ ಸುಲಿದುಕೊಂಡು ಹಿಂದೆ ಹೋಗುತ್ತದೆ. ತಲೆಯ ಭಾಗದಲ್ಲಿರುವ ನಾಝಲ್ ಇಳಿದು, ಗಾಳಿ ಹೀರಿ, ಕಾಂಪೊನೆಂಟನ್ನು ಎತ್ತುತ್ತದೆ. ಅದು ಸೊಟ್ಟಗೆ ಬಂದಿದೆಯೋ ಹೇಗೆ ಎಂದು ಕ್ಯಾಮೆರಾ ಅಥವಾ ಲೇಸರ್ ನೋಡುತ್ತದೆ. ಸೊಟ್ಟ ಸರಿಪಡಿಸಿ, ಬೋರ್ಡಿನ ಮೇಲೆ ಇಳಿಸಿ, ಸಣ್ಣಗೆ ಗಾಳಿ ಊದಿ ಬಿಟ್ಟುಬಿಡುತ್ತದೆ.

ಇಷ್ಟು ಗೊತ್ತಾದ ಮೇಲೆ ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ ಒಂದು ಪ್ರಶ್ನೆ. ಯಂತ್ರ ತೊಂದರೆ ಕೊಟ್ಟಾಗ, ಅದು ಎತ್ತುವಾಗ ತಪ್ಪಿತೋ, ಇಡುವಾಗ ತಪ್ಪಿತೋ? ಇದನ್ನು ಕೇಳದೆ ಸ್ಪ್ಯಾನರ್ ಹಿಡಿದವರು ಸರಿಯಾಗಿದ್ದುದನ್ನೂ ಕೆಡಿಸುತ್ತಾರೆ. ಯಂತ್ರ ಹಳತಾಗಿದೆ, ಮದರ್‌ಬೋರ್ಡ್ ಹೋಗಿರಬೇಕು ಎಂಬ ತೀರ್ಮಾನಕ್ಕೆ ನಮ್ಮವರು ಬಲು ಬೇಗ ಬರುತ್ತಾರೆ. ಮುಕ್ಕಾಲು ಪಾಲು ತಕರಾರು ಗಾಳಿ, ಧೂಳು, ಫೀಡರುಗಳಲ್ಲಿ ಇರುತ್ತದೆ.

ಎತ್ತುವ ತಪ್ಪಿನಿಂದ ಶುರು ಮಾಡೋಣ. ನಾಝಲ್ ಕಾಂಪೊನೆಂಟನ್ನು ಹಿಡಿದಿದೆಯೇ ಎಂದು ಬಹುತೇಕ ಯಂತ್ರಗಳು ಗಾಳಿಯ ಒತ್ತಡ ಅಳೆದು ತಿಳಿಯುತ್ತವೆ. ತುದಿ ಬರಿದಾಗಿದ್ದರೆ ಗಾಳಿ ಸರಾಗ ಒಳಗೆ ಬರುತ್ತದೆ, ವ್ಯಾಕ್ಯೂಮ್ ಏರುವುದಿಲ್ಲ. ಕಾಂಪೊನೆಂಟ್ ಅಂಟಿದರೆ ಬಾಯಿ ಮುಚ್ಚಿ ವ್ಯಾಕ್ಯೂಮ್ ಏರುತ್ತದೆ. ಈಗ ಯೋಚಿಸಿ: ನಾಝಲ್ಲಿನ ತೂತಿನಲ್ಲಿ ಒಣಗಿದ ಪೇಸ್ಟ್ ಕೂತರೆ ಏನಾಗುತ್ತದೆ? ಏನನ್ನೂ ಎತ್ತದಿದ್ದರೂ ವ್ಯಾಕ್ಯೂಮ್ ಏರಿಯೇ ಇರುತ್ತದೆ. ಬೇರೆ ತಪಾಸಣೆ ಇಲ್ಲದ ಯಂತ್ರ ಅದನ್ನು ನಂಬಿ, ಬರಿಗೈಯಲ್ಲಿ ಬೋರ್ಡಿನ ಮೇಲೆ ಹೋಗಿ, ಇಟ್ಟಂತೆ ನಟಿಸಿ ಬರುತ್ತದೆ. ಬೋರ್ಡಿನಲ್ಲಿ ಜಾಗ ಖಾಲಿ, ಸ್ಕ್ರೀನಿನಲ್ಲಿ ಒಂದೂ ಎರರ್ ಇಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಸೋರಿಕೆ. ತುದಿ ಸವೆದಿದೆ, ಅಥವಾ ನಾಝಲ್ ಹಿಡಿದ ಓ-ರಿಂಗ್ ಬಿರುಕು ಬಿಟ್ಟಿದೆ. ಕಾಂಪೊನೆಂಟ್ ಕೈಯಲ್ಲೇ ಇದ್ದರೂ ವ್ಯಾಕ್ಯೂಮ್ ಸಾಲದು. ಸಿಗಲಿಲ್ಲವೆಂದು ಯಂತ್ರ ಒಳ್ಳೆಯ ಮಾಲನ್ನು ರಿಜೆಕ್ಟ್ ಡಬ್ಬಿಗೆ ಸುರಿಯುತ್ತ ಹೋಗುತ್ತದೆ. ದಿನದ ಕೊನೆಗೆ ಆ ಡಬ್ಬಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಸಾವಿರಕ್ಕೆ ಒಂದೆರಡು ಬಿದ್ದರೆ ಪರವಾಗಿಲ್ಲ. ಐದಾದರೆ ಹುಡುಕಲು ಕೂರಬೇಕು.

ನಾಝಲ್ಲನ್ನು ಬರಿಗಣ್ಣಿನಲ್ಲಿ ನೋಡಿ ಸರಿಯಿದೆ ಅನ್ನಬೇಡಿ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದ ಕೆಳಗೆ ತುದಿ ಮೇಲೆ ಮಾಡಿ ಹಿಡಿಯಿರಿ. ಅಂಚು ಸುತ್ತಲೂ ಸಮನಾಗಿದೆಯೇ, ಒಂದು ಬದಿ ಚಕ್ಕೆ ಎದ್ದಿದೆಯೇ, ಬೆಳಕಿಗೆ ಹಿಡಿದರೆ ತೂತಿನಾಚೆ ಬೆಳಕು ಕಾಣುತ್ತದೆಯೇ? ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಹಾಕಿ, ತೂತಿಗಿಂತ ತೆಳುವಾದ ತಂತಿಯಲ್ಲಿ ಮೆಲ್ಲಗೆ ತಳ್ಳಬೇಕು. ಗುಂಡುಸೂಜಿ ತುರುಕಿದರೆ ನಾಝಲ್ ಹೋಯಿತೆಂದೇ ಲೆಕ್ಕ. ಅದರ ಹಿಂದೆ ಬೆರಳುಗುರಿನಷ್ಟು ಬಿಳಿ ಫಿಲ್ಟರ್ ಒಂದಿರುತ್ತದೆ. ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ, ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ.

ಗಾಳಿಯ ಮಾತು ಬಂದಾಗ ಕಂಪ್ರೆಸರನ್ನು ಮರೆಯಬಾರದು. ಮಳೆಗಾಲದಲ್ಲಿ ಟ್ಯಾಂಕಿನ ತಳದ ವಾಲ್ವ್ ತೆರೆದರೆ ಎಷ್ಟು ನೀರು ಬರುತ್ತದೆಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ದಿನಾ ಬೆಳಗ್ಗೆ ಅದನ್ನು ಬಸಿಯಬೇಕು. ನೀರು, ಎಣ್ಣೆ ಸೇರಿದ ಗಾಳಿ ಒಳಗಿನ ಸಣ್ಣ ವಾಲ್ವುಗಳನ್ನು ಅಂಟಿಸಿಬಿಡುತ್ತದೆ. ಆಗ ಊದುವ ಗಾಳಿ ಸರಿಯಾದ ಹೊತ್ತಿಗೆ ಬರದೆ, ಇಟ್ಟ ಕಾಂಪೊನೆಂಟ್ ನಾಝಲ್ಲಿಗೇ ಅಂಟಿ ವಾಪಸು ಬರುತ್ತದೆ.

ಇನ್ನು ಫೀಡರ್. ಇಲ್ಲಿ ಬಲು ಸರಳವಾದ ಒಂದು ಉಪಾಯವಿದೆ, ಉಪಕರಣವೇನೂ ಬೇಡ. 12ನೇ ಸ್ಲಾಟಿನ ಫೀಡರಿನಿಂದ ಎತ್ತುವಾಗ ಪದೇ ಪದೇ ತಪ್ಪುತ್ತಿದೆ ಎನ್ನಿ. ಆ ಫೀಡರನ್ನು 15ಕ್ಕೂ 15ರದ್ದನ್ನು 12ಕ್ಕೂ ಹಾಕಿ, ಪ್ರೋಗ್ರಾಮಿನಲ್ಲೂ ಹಾಗೇ ಬದಲಿಸಿ. ತಪ್ಪು ಫೀಡರಿನ ಜೊತೆ 15ಕ್ಕೆ ಹೋಯಿತೇ? ಹಾಗಾದರೆ ಫೀಡರಿನ ದೋಷ: ಹಲ್ಲು ಸವೆದಿದೆ, ಸ್ಪ್ರಿಂಗ್ ಸಡಿಲವಾಗಿದೆ, ಹಾಳೆ ಸರಿಯಾಗಿ ಸುಲಿಯುತ್ತಿಲ್ಲ. 12ರಲ್ಲೇ ಉಳಿಯಿತೇ? ಸ್ಲಾಟಿನ ಕೆಳಗೆ ಬಿದ್ದ ಕಾಂಪೊನೆಂಟುಗಳು ಸೇರಿ ಫೀಡರ್ ಕೂದಲೆಳೆಯಷ್ಟು ಎದ್ದು ಕೂತಿರಬಹುದು, ಬ್ರಷ್ಷಿನಲ್ಲಿ ಗುಡಿಸಿ. ಎರಡೂ ಅಲ್ಲದೆ ಬೇರೆ ಬೇರೆ ಫೀಡರುಗಳಲ್ಲಿ, ಆದರೆ ಒಂದೇ ನಾಝಲ್ಲಿನಲ್ಲಿ ತಪ್ಪುತ್ತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಫೀಡರುಗಳಿಗೆಲ್ಲ ನಂಬರ್ ಬರೆದು, ಪುಸ್ತಕವೊಂದರಲ್ಲಿ ಯಾವುದು ಯಾವತ್ತು ತಂಟೆ ಮಾಡಿತೆಂದು ಬರೆದಿಡಿ. ಆರು ತಿಂಗಳಲ್ಲಿ ಆ ಪುಸ್ತಕ ಮ್ಯಾನುಯಲ್ಲಿಗಿಂತ ಹೆಚ್ಚು ಬೆಲೆ ಬಾಳುತ್ತದೆ.

ಇಡುವ ತಪ್ಪುಗಳು ಬೇರೆಯೇ ಜಾತಿ. ಅಲ್ಲಿ ತಪ್ಪಿನ ವಿನ್ಯಾಸ ನೋಡಬೇಕು. ಎಲ್ಲ ಕಾಂಪೊನೆಂಟುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಗೆ ಸರಿದಿದ್ದರೆ ಯಂತ್ರ ಬೋರ್ಡಿನ ಗುರುತನ್ನು ತಪ್ಪಾಗಿ ಓದಿದೆ. ಗುರುತೆಂದರೆ ಬೋರ್ಡಿನ ಮೂಲೆಗಳಲ್ಲಿರುವ, ಸಾಮಾನ್ಯವಾಗಿ 1 ಮಿ.ಮೀ.ನ, ತಾಮ್ರದ ಬೊಟ್ಟು, ಫಿಡ್ಯೂಶಿಯಲ್ ಅನ್ನುತ್ತಾರೆ. ಕ್ಯಾಮೆರಾದ ಗಾಜಿನ ಮೇಲಿನ ಧೂಳು, ಮಂಕಾದ ಎಲ್‌ಇಡಿ ದೀಪ ಇದಕ್ಕೆ ಸಾಕು. ಗುರುತಿನಿಂದ ದೂರ ಹೋದಷ್ಟೂ ತಪ್ಪು ಬೆಳೆಯುತ್ತಿದ್ದರೆ ಬೆಲ್ಟ್, ಸ್ಕ್ರೂ ಅಥವಾ ಅಳತೆಯ ಕ್ಯಾಲಿಬ್ರೇಶನ್ ನೋಡಿ. ಒಂದೇ ಬಗೆಯ ಐಸಿ ಮಾತ್ರ ಸೊಟ್ಟಗಾಗುತ್ತಿದ್ದರೆ ಅದರ ಅಳತೆ ತಪ್ಪಾಗಿ ಬರೆದಿದೆ. ಯಾವ ಲೆಕ್ಕಕ್ಕೂ ಸಿಗದೆ ಅಲ್ಲೊಂದು ಇಲ್ಲೊಂದು ಹಾರಿದ್ದರೆ, ಬೋರ್ಡಿನ ಕೆಳಗೆ ಆಸರೆಯ ಪಿನ್ನುಗಳಿವೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡಿ. ತೆಳು ಬೋರ್ಡು ನಾಝಲ್ ತಗುಲಿದಾಗ ಬಾಗಿ ಮೇಲೆದ್ದರೆ ಪಕ್ಕದಲ್ಲಿ ಕೂತವು ನೆಗೆಯುತ್ತವೆ. ಒತ್ತಿ ನೋಡುವ ಮೊದಲು ಎಮರ್ಜೆನ್ಸಿ ಸ್ಟಾಪ್ ಒತ್ತಿರಬೇಕು. ಮುಚ್ಚಳದ ಸ್ವಿಚ್ಚಿಗೆ ಟೇಪ್ ಸುತ್ತಿ ಯಂತ್ರ ಓಡಿಸುವ ಚಾಳಿ ಕೆಲವು ಕಡೆ ಇದೆ. ಆ ಭಾರದ ತಲೆ ಬಡಿದರೆ ಬೆರಳು ಉಳಿಯುವುದಿಲ್ಲ.

ಉಳಿದ ಆರೈಕೆ ಚುಟುಕಾಗಿ. ಗೈಡ್ ರೈಲು, ಬಾಲ್ ಸ್ಕ್ರೂಗಳ ಹಳೆ ಗ್ರೀಸ್ ಒರೆಸಿ ತೆಗೆದ ಮೇಲೆಯೇ ಹೊಸದು ಹಚ್ಚಿ, ಅದೂ ಮ್ಯಾನುಯಲ್ ಹೇಳಿದ್ದನ್ನೇ. ಎರಡು ಬಗೆ ಬೆರೆತರೆ ಗಟ್ಟಿಯಾಗಬಹುದು. ಜಪಾನಿನ ಕಾರ್ಖಾನೆಗಳಲ್ಲಿ ಮೂರು ಫೇಸ್ ಎಂದರೆ 200 ವೋಲ್ಟ್, ನಮ್ಮಲ್ಲಿ 415. ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಯಾವುದಕ್ಕಿದೆ ಎಂದು ನೋಡದೆ ಸ್ವಿಚ್ ಹಾಕಬೇಡಿ. ಕೆಲವು ಸರ್ವೋ ಡ್ರೈವುಗಳಲ್ಲಿ ಎನ್‌ಕೋಡರ್ ನೆನಪು ಉಳಿಸುವ ಬ್ಯಾಟರಿ ಇರುತ್ತದೆ. ಅದು ಸತ್ತರೆ ಯಂತ್ರಕ್ಕೆ ತನ್ನ ಸೊನ್ನೆ ಎಲ್ಲಿದೆ ಎಂಬುದೇ ಮರೆಯುತ್ತದೆ. ಎಲ್ಲಕ್ಕಿಂತ ಅವಸರದ ಕೆಲಸ ಹಾರ್ಡ್ ಡಿಸ್ಕಿನ ಪ್ರತಿ ತೆಗೆಯುವುದು. ಪ್ರತಿ ಯಂತ್ರಕ್ಕೂ ಅದರದೇ ಆದ ಅಳತೆಯ ತಿದ್ದುಪಡಿಗಳಿರುತ್ತವೆ, ಅದೇ ಮಾಡೆಲಿನ ಪಕ್ಕದ ಯಂತ್ರದ ಡಿಸ್ಕ್ ತಂದು ಹಾಕಿದರೆ ನಡೆಯುವುದಿಲ್ಲ. ಡಿಸ್ಕ್ ಹೋದ ಮೇಲೆ ಕಂಪನಿಗೆ ಬರೆಯೋಣವೆಂದರೆ ಕಂಪನಿಯ ಹೆಸರೇ ಬದಲಾಗಿರುತ್ತದೆ: ಸೀಮೆನ್ಸ್‌ನ ಪಿಕ್ ಅಂಡ್ ಪ್ಲೇಸ್ ವಿಭಾಗ 2011ರಲ್ಲಿ ಎಎಸ್‌ಎಂ ಕೈ ಸೇರಿತು, ಸ್ಯಾಮ್‌ಸಂಗ್‌ನದು 2015ರಲ್ಲಿ ಹನ್ವಾ ಪಾಲಾಯಿತು.

ಇನ್ನು ಮಾರ್ಪಾಡು. ಹೊಸ ಹುಡುಗರಿಗೆ ಆಸೆ ಇರುವುದೇ ಇದರಲ್ಲಿ. ಸಣ್ಣ ಮಾರ್ಪಾಡುಗಳನ್ನು ಧೈರ್ಯವಾಗಿ ಮಾಡಿ. ಫ್ಲಾಪಿ ಡ್ರೈವಿನ ಜಾಗಕ್ಕೆ ಪೆನ್‌ಡ್ರೈವ್ ಹಾಕುವ ಎಮ್ಯುಲೇಟರ್, ತಿರುಗುವ ಡಿಸ್ಕಿನ ಬದಲು ಅಡಾಪ್ಟರ್ ಜೊತೆ ಫ್ಲ್ಯಾಶ್ ಕಾರ್ಡ್, ದಪ್ಪ ಮಾನಿಟರ್ ತೆಗೆದು ಚಪ್ಪಟೆಯದು, ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೊಂದು ಸುತ್ತು ಹಾಕಿದರೆ ಜೋಡಿಸಬಹುದಾದವು. ಹತ್ತಿಪ್ಪತ್ತು ಬೋರ್ಡಿಗೆಂದು ತಂದ ತುಂಡು ಟೇಪುಗಳಿಗೆ ಫೀಡರೇ ಬೇಡ. ಚಪ್ಪಟೆ ತಟ್ಟೆಯಲ್ಲಿ ನೇರವಾಗಿ ಅಂಟಿಸಿ, ಟ್ರೇ ಎಂದು ಪ್ರೋಗ್ರಾಂ ಮಾಡಿದರೆ ಎಷ್ಟೋ ಯಂತ್ರಗಳು ಒಪ್ಪುತ್ತವೆ.

ದೊಡ್ಡ ಮಾರ್ಪಾಡೆಂದರೆ ಚೌಕಟ್ಟು, ರೈಲು, ಮೋಟರುಗಳನ್ನು ಉಳಿಸಿಕೊಂಡು ಮೆದುಳನ್ನೇ ಬದಲಿಸುವುದು. ಅಮೆರಿಕದ ಜೇಸನ್ ವಾನ್ ನೀಡಾ ಶುರು ಮಾಡಿದ ಓಪನ್‌ಪಿಎನ್‌ಪಿ ಎಂಬ ಉಚಿತ ತಂತ್ರಾಂಶ ಇದಕ್ಕೆ ದಾರಿ ಮಾಡಿತು. ಜಾವಾದಲ್ಲಿ ಬರೆದದ್ದು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಮೋಟರ್ ಕುಣಿಸಲು ತ್ರೀಡಿ ಪ್ರಿಂಟರಿನಲ್ಲಿ ಬಳಸುವಂಥ ಕಂಟ್ರೋಲರ್ ಬೋರ್ಡು, ಒಂದು ಕ್ಯಾಮೆರಾ ತಲೆಯ ಮೇಲೆ ಕೆಳಮುಖವಾಗಿ, ಇನ್ನೊಂದು ಮೇಜಿನಲ್ಲಿ ಮೇಲ್ಮುಖವಾಗಿ. ಹಳೆಯ ಡ್ರೈವುಗಳು ಸ್ಟೆಪ್, ಡೈರೆಕ್ಷನ್ ಪಲ್ಸುಗಳನ್ನು ಒಪ್ಪುತ್ತವೆಯೇ ಎಂಬುದು ಮೊದಲು ತಿಳಿಯಬೇಕಾದದ್ದು. ಒಪ್ಪಿದರೆ ಅರ್ಧ ಕೆಲಸ ಮುಗಿಯಿತು. ಎಮರ್ಜೆನ್ಸಿ ಸ್ಟಾಪ್ ಮತ್ತು ಲಿಮಿಟ್ ಸ್ವಿಚ್ಚುಗಳ ತಂತಿಯನ್ನು ಮಾತ್ರ ತಂತ್ರಾಂಶದ ಕೈಗೆ ಬಿಡದೆ, ನೇರ ಮೋಟರಿನ ಪವರ್ ಕಡಿಯುವಂತೆ ಉಳಿಸಿ.

ಆದರೆ ಕಾರ್ಖಾನೆಯ ಮೂಲ ತಂತ್ರಾಂಶ ಇನ್ನೂ ಓಡುತ್ತಿರುವ ಯಂತ್ರಕ್ಕೆ ಈ ಕೆಲಸ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಬದಲಿಸಿದ ಯಂತ್ರ ಹೆಚ್ಚಿನ ಪಾಲು ಮೊದಲಿನ ವೇಗಕ್ಕೆ ಬರುವುದಿಲ್ಲ, ಸಂಬಳ ಕೊಡಬೇಕಾದ ಶೆಡ್ಡಿಗೆ ಆ ವೇಗವೇ ಅನ್ನ. ಮೆದುಳು ಪೂರ್ತಿ ಸತ್ತು ಗುಜರಿಗೆ ಹೊರಟ ಯಂತ್ರ ಸಿಕ್ಕರೆ ಕೈ ಹಾಕಿ. ಮೋಟರ್, ನಾಝಲ್, ಕ್ಯಾಮೆರಾ ಎಲ್ಲದರ ಒಳಗುಟ್ಟು ಕಲಿಸುವ ಅಂಥ ಪಾಠಶಾಲೆ ಇನ್ನೊಂದಿಲ್ಲ.

ಮುಂದೊಂದು ದಿನ ಊರಿಗೆ ಮರಳಿ ಸ್ಟಾರ್ಟರ್ ಬೋರ್ಡನ್ನು ಇಲ್ಲೇ ಮಾಡೋಣವೆಂದು ನಿಮಗನ್ನಿಸಿ, ಹಳೆ ಯಂತ್ರ ನೋಡಲು ಹೋದರೆ, ಬಣ್ಣ ನೋಡಬೇಡಿ. ಜೊತೆಗೆ ಎಷ್ಟು ಫೀಡರ್, ಎಷ್ಟು ನಾಝಲ್ ಕೊಡುತ್ತಾರೆ ಎಂದು ಮೊದಲು ಕೇಳಿ. ಬಿಡಿಯಾಗಿ ಕೊಳ್ಳಲು ಹೋದರೆ ಅವುಗಳ ಬೆಲೆಯೇ ಯಂತ್ರದ ಬೆಲೆಯನ್ನು ಮೀರಬಹುದು. ಡಿಸ್ಕಿನ ಪ್ರತಿಯನ್ನೂ ಮ್ಯಾನುಯಲ್ಲನ್ನೂ ಅಲ್ಲೇ ಇಸಿದುಕೊಳ್ಳಿ. 0603 ರೆಸಿಸ್ಟರಿನ ಒಂದು ರೀಲನ್ನು ನೀವೇ ಒಯ್ದು, ಬೋರ್ಡಿಗೆ ಎರಡು ಬದಿ ಅಂಟಿನ ಟೇಪ್ ಹಚ್ಚಿ, ಕಣ್ಣೆದುರು ಸಾವಿರ ತುಣುಕು ಕೂರಿಸಲು ಹೇಳಿ, ಆಮೇಲೆ ರಿಜೆಕ್ಟ್ ಡಬ್ಬಿ ಎಣಿಸಿ. ಓಡಿಸಿ ತೋರಿಸಲು ಒಪ್ಪದವರ ಯಂತ್ರವನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ.