ಚೀಟು, ಜೂಜು ಮತ್ತು ದೇವರ ಪೂರ್ವಜ್ಞಾನ



ದೇವರು ಮುಂದೆ ಆಗುವದೆಲ್ಲವನ್ನು ಬಲ್ಲನೋ? ಲೋಕದಲ್ಲಿ ಆಕಸ್ಮಿಕವೆಂಬದು ನಿಜವಾಗಿ ಉಂಟೋ? ಹಣವಿಟ್ಟು ಜೂಜಾಡುವದು ಪಾಪವೋ? ಈ ಮೂರು ಪ್ರಶ್ನೆಗಳು ಬೇರೆ ಬೇರೆಯಾಗಿದ್ದರೂ ಜನರು ಇವುಗಳನ್ನು ಒಂದೇ ಹುರಿಯಾಗಿ ಹೊಸೆದುಬಿಡುವರು. ಪ್ರತಿಯೊಂದು ದಾಳವೂ ದೇವರ ತೀರ್ಪಿನಂತೆ ಬೀಳುವದರಿಂದ ದಾಳ ಹಾಕುವದೇ ಆತನನ್ನು ಪರೀಕ್ಷಿಸಿದಂತೆ ಎಂದು ಕೆಲವರು ಹೇಳುವರು. ಗೆಲ್ಲುವವನು ಯಾರೆಂದು ಆತನು ಮೊದಲೇ ಬಲ್ಲನಾದ್ದರಿಂದ ಆಡಿದವನ ಮೇಲೆ ದೋಷವೇನು ಎಂದು ಬೇರೆ ಕೆಲವರು ಕೇಳುವರು. ಈ ಎರಡು ಮಾತುಗಳೂ ನಮಗೆ ಸರಿದೋರುವದಿಲ್ಲ.

ಇದು ಬರಿಯ ತರ್ಕದ ವಿಷಯವಲ್ಲ. ಸತ್ಯವೇದ ಪಾಠದ ವೇಳೆಯಲ್ಲಿ ಒಬ್ಬ ಹುಡುಗಿಯು ಎದ್ದು ನಿಂತು, “ಟೀಚರ್, ನಮ್ಮ ತಂದೆಯವರು ಸೋಲುವರೆಂದು ದೇವರಿಗೆ ಮೊದಲೇ ತಿಳಿದಿತ್ತಲ್ಲವೇ? ಹಾಗಾದರೆ ಅವರು ಆಡದೆ ಇರುವದಕ್ಕೆ ಆಗುತ್ತಿತ್ತೇ?” ಎಂದು ಕೇಳಿದಳು. ಅವಳ ಹೆಸರಾಗಲಿ ವರ್ಗವಾಗಲಿ ಇಲ್ಲಿ ಬೇಕಿಲ್ಲ. ತಂದೆಯು ಮೊಬೈಲಿನಲ್ಲಿ ಇಸ್ಪೀಟಾಡಿ ಅವಳ ಶಾಲೆಯ ಶುಲ್ಕಕ್ಕೆಂದು ಇಟ್ಟ ಹಣವನ್ನು ಕಳೆದಿದ್ದನು. ತಾಯಿಯ ಬಳೆಗಳು ಅಡವಿಗೆ ಹೋಗಿದ್ದವು. ಇಂಥ ಪ್ರಶ್ನೆಗೆ, ದೊಡ್ಡವಳಾದ ಮೇಲೆ ನಿನಗೆ ತಿಳಿಯುವದು ಎಂದು ಹೇಳಿ ಕೂಡ್ರಿಸುವದು ಉಪಾಧ್ಯಾಯಿನಿಗೆ ತಕ್ಕದ್ದಲ್ಲ. ನಾವು ಅವಳಿಗೂ ಅವಳ ಜೊತೆಯವರಿಗೂ ಕೆಲವು ದಿನಗಳ ಪಾಠದಲ್ಲಿ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತೇವೆ.

ಮೊದಲು ಪೂರ್ವಜ್ಞಾನದ ಸಂಗತಿ. ಅಗಸ್ಟೀನನು ಇಚ್ಛಾಸ್ವಾತಂತ್ರ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಒಂದು ಸುಲಭವಾದ ಹೋಲಿಕೆಯನ್ನು ಕೊಡುತ್ತಾನೆ. ನಿನ್ನೆ ನಡೆದದ್ದು ನಮಗೆ ಇಂದು ನೆನಪಿನಲ್ಲಿರುವದು. ಆದರೆ ನಮ್ಮ ನೆನಪು ನಿನ್ನೆಯ ಕಾರ್ಯವನ್ನು ಬಲಾತ್ಕಾರದಿಂದ ಮಾಡಿಸಲಿಲ್ಲ. ಹಾಗೆಯೇ ದೇವರ ಪೂರ್ವಜ್ಞಾನವು ನಾಳಿನ ಕಾರ್ಯವನ್ನು ಬಲಾತ್ಕರಿಸುವದಿಲ್ಲ. ಅವನ ತರುವಾಯ ಬೋಯೆಥಿಯಸನು, ಸುಮಾರು 524ರಲ್ಲಿ, ಥಿಯೊಡೊರಿಕ್ ಅರಸನ ಸೆರೆಮನೆಯಲ್ಲಿದ್ದು ಮರಣದಂಡನೆಯನ್ನು ಎದುರುನೋಡುತ್ತಾ, ಇದನ್ನೇ ಇನ್ನೂ ಆಳವಾಗಿ ವಿಚಾರಮಾಡಿದನು. ದೇವರಿಗೆ ನಿನ್ನೆ ನಾಳೆಗಳಿಲ್ಲ. ಎಲ್ಲಾ ಕಾಲವೂ ಆತನ ಮುಂದೆ ಒಂದೇ ನೋಟದಲ್ಲಿ ತೆರೆದಿರುವದು. ಕಿಟಕಿಯಿಂದ ನೋಡುವ ನಮಗೆ ಅಂಗಳದಲ್ಲಿ ಒಬ್ಬ ಹುಡುಗಿ ಹಗ್ಗದಾಟ ಆಡುವದು ಕಾಣುವದು. ಕಂಡಮೇಲೆ ಅವಳು ಆಡುತ್ತಾಳೆಂಬದು ನಿಶ್ಚಯ. ಆದರೂ ಅವಳು ಕುಣಿಯುವದು ನಮ್ಮ ನೋಟದಿಂದಲ್ಲ, ತನ್ನ ಇಷ್ಟದಿಂದಲೇ. ಹೋಲಿಕೆಯು ಎಲ್ಲಾ ಕಡೆಯಲ್ಲಿಯೂ ಹೊಂದುವದಿಲ್ಲ. ನಾವು ಆ ಹುಡುಗಿಯನ್ನು ಸೃಷ್ಟಿಸಿದವರಲ್ಲ. ಆದರೂ ‘ತಿಳಿಯುವದು’ ಬೇರೆ, ‘ಮಾಡಿಸುವದು’ ಬೇರೆ ಎಂಬಷ್ಟನ್ನು ಅದು ಸ್ಪಷ್ಟಪಡಿಸುವದು.

ಸತ್ಯವೇದದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಕಥೆಯುಂಟು. ಸಮುವೇಲನ ಮೊದಲನೆಯ ಪುಸ್ತಕದ 23ನೆಯ ಅಧ್ಯಾಯದಲ್ಲಿ ದಾವೀದನು ಕೆಯೀಲಾ ಎಂಬ ಊರನ್ನು ಫಿಲಿಷ್ಟಿಯರ ಕೈಯಿಂದ ಬಿಡಿಸಿ ಅಲ್ಲಿಯೇ ಇಳಿದುಕೊಂಡಿದ್ದಾನೆ. ಸೌಲನು ಇಲ್ಲಿಗೆ ಬರುವನೋ, ಊರಿನವರು ನನ್ನನ್ನು ಅವನಿಗೆ ಒಪ್ಪಿಸುವರೋ ಎಂದು ಅವನು ದೇವರನ್ನು ವಿಚಾರಿಸುತ್ತಾನೆ. ಎರಡಕ್ಕೂ ಹೌದೆಂಬ ಉತ್ತರ ಬರುವದು. ಕೂಡಲೆ ದಾವೀದನು ತನ್ನ ಸುಮಾರು 600 ಮಂದಿಯೊಡನೆ ಊರು ಬಿಟ್ಟು ಹೋಗುತ್ತಾನೆ. ಸೌಲನು ಬರಲೇ ಇಲ್ಲ. ಊರಿನವರು ಒಪ್ಪಿಸಲೂ ಇಲ್ಲ. ದೇವರು ಹೇಳಿದ್ದು ಸುಳ್ಳಾಯಿತೋ? ಇಲ್ಲ. ದಾವೀದನು ಅಲ್ಲಿಯೇ ಉಳಿದಿದ್ದರೆ ಏನಾಗುತ್ತಿತ್ತೆಂಬದನ್ನು ಆತನು ತಿಳಿಸಿದನು. ಉಳಿಯುವದೋ ಹೊರಡುವದೋ ಎಂಬದನ್ನು ದಾವೀದನಿಗೇ ಬಿಟ್ಟನು. ಸ್ಪೇನ್ ದೇಶದ ಮೊಲಿನನೆಂಬ ಪಾದ್ರಿಯು 1588ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ಜ್ಞಾನಕ್ಕೆ ಒಂದು ಬೇರೆ ಸ್ಥಾನವನ್ನೇ ಕೊಟ್ಟನು. ಅದರ ಮೇಲೆ ಎದ್ದ ವಾದಗಳು ಇಂದಿಗೂ ಮುಗಿದಿಲ್ಲ. ಅವುಗಳೊಳಗೆ ನಾವು ಇಳಿಯುವದಿಲ್ಲ. ಆ ಹುಡುಗಿಗೆ ಬೇಕಾದ ಉತ್ತರಕ್ಕೆ ಇಷ್ಟೇ ಸಾಕು: ನಿನ್ನ ತಂದೆಯು ಆಡದೆ ಇರಬಹುದಾಗಿತ್ತು, ಇರುತ್ತಿದ್ದರೆ ದೇವರು ಅದನ್ನೇ ತಿಳಿದವನಾಗಿರುತ್ತಿದ್ದನು.

ಇನ್ನು ಆಕಸ್ಮಿಕ. ಭಕ್ತರಾದವರು ಈ ಮಾತನ್ನೇ ಆಡಬಾರದೆಂದು ಕೆಲವರು ಎಣಿಸುವರು. ಆದರೆ ಸತ್ಯವೇದವು ಅದಕ್ಕೆ ಹೆದರುವದಿಲ್ಲ. ರೂತಳು ಹಕ್ಕಲಾಯಲು ಹೊರಟಾಗ ಅವಳಿಗೆ ಒದಗಿದ ಹೊಲವು ಬೋವಜನದು. ಮೂಲದಲ್ಲಿ ಆಕಸ್ಮಿಕವೆಂಬ ಅರ್ಥದ ಮಾತೇ ಅಲ್ಲಿದೆ. ಒಳ್ಳೇ ಸಮಾರ್ಯದವನ ಸಾಮ್ಯದಲ್ಲಿ ಯಾಜಕನು ಆ ದಾರಿಯಲ್ಲಿ ಬಂದದ್ದೂ ಆಕಸ್ಮಿಕವಾಗಿಯೇ ಎಂದು ನಮ್ಮ ಕರ್ತನು ಹೇಳುತ್ತಾನೆ. ಯಾವನೋ ಗುರಿಯಿಲ್ಲದೆ ಬಿಟ್ಟ ಬಾಣವು ಅಹಾಬನ ಕವಚದ ಸಂದಿನಲ್ಲಿ ನಾಟಿತು. ಬೋಯೆಥಿಯಸನ ವಿವರಣೆ ಇಲ್ಲಿಯೂ ಉಪಯುಕ್ತವಾಗಿದೆ. ಒಬ್ಬನು ಉತ್ತುವದಕ್ಕೋಸ್ಕರ ನೆಲವನ್ನು ಅಗೆದು ಹೂಳಿಟ್ಟ ಹೊನ್ನನ್ನು ಕಾಣುವನು. ಹೂಳಿದವನಿಗೂ ಕಾರಣವಿತ್ತು, ಅಗೆದವನಿಗೂ ಕಾರಣವಿತ್ತು. ಇವೆರಡು ಕೂಡುವವೆಂದು ಇಬ್ಬರಲ್ಲಿ ಯಾರೂ ಎಣಿಸಿರಲಿಲ್ಲ. ಆ ಕೂಡಿಕೆಗೆ ಮನುಷ್ಯರು ಆಕಸ್ಮಿಕವೆನ್ನುವರು. ಅದೇ ಕೂಡಿಕೆಯನ್ನು ದೇವರ ಕಡೆಯಿಂದ ನೋಡಿದರೆ ಬೇರೆ ಹೆಸರು ಬರುವದು.

ಎಸ್ತೇರಳ ಚರಿತ್ರೆಯನ್ನು ನಮ್ಮ ಹುಡುಗಿಯರು ಬಹಳ ಪ್ರೀತಿಯಿಂದ ಓದುವದುಂಟು. ಯೆಹೂದ್ಯರನ್ನು ನಿರ್ಮೂಲಮಾಡಲು ತಕ್ಕ ದಿನವನ್ನು ಕಂಡುಹಿಡಿಯುವದಕ್ಕಾಗಿ ಹಾಮಾನನು ವರುಷದ ಮೊದಲನೆಯ ತಿಂಗಳಲ್ಲಿ ಚೀಟು ಹಾಕಿಸಿದನು. ಅದು ಹನ್ನೆರಡನೆಯ ತಿಂಗಳಿಗೆ ಬಿದ್ದಿತು. ಆ ನಡುವಣ ತಿಂಗಳುಗಳಲ್ಲಿಯೇ ಎಸ್ತೇರಳು ಅರಸನ ಬಳಿಗೆ ಹೋಗಿ ತನ್ನ ಜನರ ಪ್ರಾಣವನ್ನು ಬಿಡಿಸಿದಳು. ಆ ಪುಸ್ತಕದ ಇಬ್ರಿಯ ಮೂಲದಲ್ಲಿ ದೇವರ ಹೆಸರು ಒಂದು ಸಾರಿಯೂ ಬರುವದಿಲ್ಲವೆಂಬದನ್ನು ಓದುವವರು ಗಮನಿಸಬೇಕು.

ಹಾಗಾದರೆ ಚೀಟು ಹಾಕುವದೇ ತಪ್ಪೋ? ಯೆಹೋಶುವನು ಕಾನಾನ್ ದೇಶವನ್ನು ಗೋತ್ರಗಳಿಗೆ ಹಂಚಿದ್ದು ಚೀಟಿನಿಂದ. ಯೂದನ ಸ್ಥಾನಕ್ಕೆ ಮತ್ತೀಯನು ಬಂದದ್ದೂ ಚೀಟಿನಿಂದ. ಇಂಗ್ಲೆಂಡಿನ ಪ್ಯೂರಿಟನ್ ಬೋಧಕರಲ್ಲಿ ಕೆಲವರು ಪ್ರತಿ ಚೀಟೂ ದೇವರ ವಿಶೇಷ ತೀರ್ಪು, ಅದನ್ನು ಆಟಕ್ಕೆ ತರಬಾರದು ಎಂದರು. 1619ರಲ್ಲಿ ಥಾಮಸ್ ಗ್ಯಾಟಕರನು ಒಂದು ಗ್ರಂಥವನ್ನೇ ಬರೆದು ಇದನ್ನು ಅಲ್ಲಗಳೆದನು. ದೇವರ ಪಾಲನೆ ಚೀಟಿನಲ್ಲಿ ಇರುವಂತೆಯೇ ಉಳಿದ ಎಲ್ಲಾ ಸಂಗತಿಗಳಲ್ಲಿಯೂ ಇರುವದು. ಚೀಟಿಗೆ ಮಾತ್ರ ಹೆಚ್ಚಿನ ಪವಿತ್ರತೆಯಿಲ್ಲ. ನಾವು ಗ್ಯಾಟಕರನ ಪಕ್ಷದವರು. ನಮ್ಮ ಆಟದ ಬೈಲಿನಲ್ಲಿ ಯಾವ ತಂಡವು ಮೊದಲು ಆಡಬೇಕೆಂದು ನಾಣ್ಯ ಚಿಮ್ಮುವದರಿಂದ ಯಾರ ಆತ್ಮಕ್ಕೂ ಹಾನಿಯಿಲ್ಲ.

ಇದು ಸರಿಯಾದರೆ, ಜೂಜಿನ ದೋಷವನ್ನು ಆಕಸ್ಮಿಕದಲ್ಲಿ ಹುಡುಕಬಾರದು. ಬೇರೆ ಎಲ್ಲಿ ಹುಡುಕಬೇಕು? ಗದುಗಿನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದ ಕನ್ನಡಿಗರಿಗೆ ದ್ರೌಪದಿಯ ಪ್ರಶ್ನೆ ಮರೆತಿರಲಾರದು. ಧರ್ಮರಾಯನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಅವಳು ಸಭೆಯನ್ನು ಕೇಳಿದಳು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಅಧಿಕಾರವೆಲ್ಲಿಯದು? ಆ ಸಭೆಯಲ್ಲಿ ದಾಳದ ಮೋಸವನ್ನು ಕುರಿತ ಮಾತಿಗಿಂತ ಈ ಮಾತೇ ಹರಿತವಾದದ್ದೆಂದು ನಮಗೆ ತೋರುವದು. ಜೂಜುಗಾರನು ಪಣಕ್ಕೆ ಇಡುವದು ಬಹುಮಟ್ಟಿಗೆ ತನ್ನದಲ್ಲದ್ದನ್ನು. ಶಾಲೆಯ ಶುಲ್ಕವು ಮಗಳದು, ಬಳೆಗಳು ಹೆಂಡತಿಯವು. ಗೆದ್ದರೂ ದೋಷ ಹೋಗುವದಿಲ್ಲ. ಗೆದ್ದವನ ಕೈಗೆ ಬರುವದು ಮತ್ತೊಬ್ಬ ಮಗಳ ಶುಲ್ಕ. ಶಿಲುಬೆಯ ಕೆಳಗೆ ಸಿಪಾಯಿಗಳು ಹೊಲಿಗೆಯಿಲ್ಲದ ಅಂಗಿಗೆ ಚೀಟು ಹಾಕಿದರು. ಚೀಟಿನಲ್ಲಿ ಮೋಸವಿರಲಿಲ್ಲ. ಅಂಗಿಯು ಅವರದಾಗಿರಲಿಲ್ಲ, ಅಷ್ಟೇ.

ಲೆಕ್ಕವನ್ನೂ ನೋಡೋಣ, ಹೆಣ್ಣುಮಕ್ಕಳಿಗೆ ಇದು ಬಹಳ ಅವಶ್ಯ. 1654ರಲ್ಲಿ ಪಾಸ್ಕಲ್, ಫರ್ಮಾ ಎಂಬ ಫ್ರಾನ್ಸಿನ ಪಂಡಿತರಿಬ್ಬರು ಜೂಜಿನ ಪಣವನ್ನು ಹಂಚುವ ಪ್ರಶ್ನೆಯ ಮೇಲೆ ಬರೆದುಕೊಂಡ ಪತ್ರಗಳಿಂದ ಸಂಭವಗಣಿತವು ಬೆಳೆಯಿತು. ಒಂದು ದಾಳವನ್ನು ನಾಲ್ಕು ಸಾರಿ ಹಾಕಿದರೆ ಒಮ್ಮೆಯೂ ಆರು ಬೀಳದಿರುವದು 1296 ವಿಧಗಳಲ್ಲಿ 625. ನಾಲ್ಕು ಸಾರಿ ಬೀಳದಿದ್ದರೆ ಐದನೆಯ ಸಾರಿ ಬಿದ್ದೇ ಬೀಳುವದೆಂದು ಜೂಜುಗಾರನು ನಂಬುವನು. ದಾಳಕ್ಕೆ ನೆನಪಿಲ್ಲ, ಐದನೆಯ ಸಾರಿಯೂ ಆರರಲ್ಲಿ ಒಂದೇ ಪಾಲು. ರೂಲೆಟ್ ಎಂಬ ತಿರುಗುಚಕ್ರದಲ್ಲಿ, ಯುರೋಪಿನ ಪದ್ಧತಿಯಂತೆ, 37 ಮನೆಗಳಿರುವವು. ಒಂದೊಂದು ಮನೆಗೂ ಒಂದೊಂದು ರೂಪಾಯಿಯಂತೆ 37 ರೂಪಾಯಿ ಇಟ್ಟವನು ಪ್ರತಿ ಸುತ್ತಿನಲ್ಲಿಯೂ ಗೆದ್ದು 36 ರೂಪಾಯಿಗಳನ್ನು ಹಿಂದಕ್ಕೆ ಪಡೆಯುವನು! ಆ ಒಂದು ರೂಪಾಯಿಯಿಂದಲೇ ಅರಮನೆಗಳು ಎದ್ದಿವೆ.

ಇದು ಕೈಚಳಕದ ಆಟ, ಅದೃಷ್ಟದ್ದಲ್ಲ ಎಂಬ ನೆವವನ್ನು ಪೋಷಕರಲ್ಲಿ ಕೆಲವರು ಹೇಳುವದುಂಟು. ಕಾನೂನೂ ಬಹುಕಾಲ ಈ ಭೇದವನ್ನೇ ಹಿಡಿದಿತ್ತು. 1867ರ ಜೂಜಿನ ಕಾಯಿದೆಯು ನೈಪುಣ್ಯದ ಆಟಗಳನ್ನು ಬಿಟ್ಟುಬಿಟ್ಟಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕುದುರೆ ಜೂಜನ್ನೂ ನೈಪುಣ್ಯದ ಸಾಲಿಗೆ ಸೇರಿಸಿತು. ನಮ್ಮ ರಾಜ್ಯವು 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. 2021ರಲ್ಲಿ ಹಣದ ಆನ್‌ಲೈನ್ ಆಟಗಳನ್ನು ತಡೆಯಲು ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರಲ್ಲಿ ರದ್ದುಪಡಿಸಿತು. ಕಡೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ನೈಪುಣ್ಯವೋ ಅದೃಷ್ಟವೋ ಎಂದು ಕೇಳದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸಿತು. ನ್ಯಾಯಶಾಸ್ತ್ರದವರು ಏನೇ ಹೇಳಲಿ, ಮನಸ್ಸಾಕ್ಷಿಯ ದೃಷ್ಟಿಯಿಂದ ನಮಗೆ ಇದೇ ಸರಿಯಾದ ಪ್ರಶ್ನೆಯೆಂದು ಕಾಣುವದು. ಚದುರಂಗದಲ್ಲಿ ಜಾಣತನದಿಂದ ಕಸುಕೊಂಡ ಹಣವೂ ಏನನ್ನೂ ಕೊಡದೆ ಕಸುಕೊಂಡದ್ದೇ.

ಹಾಗಾದರೆ ರೈತನು ಮಳೆಯನ್ನು ನಂಬಿ ಬಿತ್ತುವದು ಜೂಜಲ್ಲವೋ? ಅಲ್ಲ. ರೈತನ ಅಪಾಯವು ಲೋಕದಲ್ಲಿ ಮೊದಲೇ ಇರುವದು. ಅವನು ಅದನ್ನು ತಾಳಿಕೊಂಡು ಇಲ್ಲದ ಧಾನ್ಯವನ್ನು ಉಂಟುಮಾಡುವನು, ಅವನ ಬೆಳೆಗಾಗಿ ನೆರೆಯವನ ಬೆಳೆ ಒಣಗಬೇಕಾಗಿಲ್ಲ. ವಿಮೆಯೂ ಹಾಗೆಯೇ: ಇರುವ ಅಪಾಯವನ್ನು ಹಲವರು ಹಂಚಿಕೊಳ್ಳುವರು. ಜೂಜಾದರೋ ಇಲ್ಲದ ಅಪಾಯವನ್ನು ಹುಟ್ಟಿಸುವದು.

ಕಷ್ಟವಾದ ಪ್ರಶ್ನೆಯೊಂದು ನಮ್ಮ ಮನೆಯಲ್ಲಿಯೇ ಎದ್ದಿತು. ಬೋರ್ಡಿಂಗಿನ ಮಾಡನ್ನು ಹೊಸದಾಗಿ ಹೊದಿಸುವದಕ್ಕಾಗಿ ಬಹುಮಾನದ ಚೀಟಿಗಳನ್ನು ಮಾರೋಣವೆಂದು ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ಪ್ರೀತಿಯಿಂದ ಸೂಚಿಸಿದರು. ನಮ್ಮ ಉಪಾಧ್ಯಾಯಿನಿಯರಲ್ಲಿ ಒಮ್ಮತವಾಗಲಿಲ್ಲ. ಹತ್ತು ರೂಪಾಯಿಯ ಚೀಟಿ ಕೊಳ್ಳುವವರ ಮನಸ್ಸು ಬಹುಮಟ್ಟಿಗೆ ದಾನವೇ, ಅದನ್ನು ಜೂಜೆನ್ನುವದು ಅತಿಯಾಯಿತು ಎಂದು ಒಬ್ಬರು ವಾದಿಸಿದರು. ಆ ವಾದದಲ್ಲಿ ಹುರುಳುಂಟು, ಕೊಳ್ಳುವವರನ್ನು ನಾವು ದೂಷಿಸುವದಿಲ್ಲ. ಆದರೆ ಮಾರುವವರು ನಮ್ಮ ಹುಡುಗಿಯರು. ಮನೆ ಮನೆಯ ಬಾಗಿಲಲ್ಲಿ ನಿಂತು, ಹತ್ತು ರೂಪಾಯಿಗೆ ಹೊಲಿಗೆಯ ಯಂತ್ರ ಸಿಕ್ಕೀತು ಎಂದು ಆಸೆ ತೋರಿಸುವ ಮಾತನ್ನು ಅವರು ಕಲಿಯಬೇಕಾಗುವದು. ಆ ಚೀಟಿಪುಸ್ತಕವನ್ನು ಹಿಡಿಯುವವರಲ್ಲಿ ಅದೇ ಮಾತನ್ನು ನಂಬಿ ಮನೆ ಕೆಟ್ಟವರ ಮಕ್ಕಳೂ ಇರುವರು. ಆದ ಕಾರಣ ಸೂಚನೆಯನ್ನು ವಂದನೆಯೊಡನೆ ಬಿಟ್ಟುಬಿಟ್ಟೆವು. ಮಾಡಿನ ಕೆಲಸಕ್ಕೆ ಚಂದಾಪಟ್ಟಿಯನ್ನು ತೆರೆದಿದ್ದೇವೆ; ಅದು ಶಾಲೆಯ ಕಚೇರಿಯಲ್ಲಿದೆ, ಅರ್ಧ ಪುಟ ಮಾತ್ರ ತುಂಬಿದೆ.